ಹೆಜ್ಜೇಡಕ್ಕೆ ಹೊಸ ಮನೆ

ಜೇಡವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಕೈ ಪೊರಕೆಯತ್ತ ಹೋಗುವುದು ರೂಢಿ. ಮೂಲೆಯ ಬಲೆಯನ್ನು ಗುಡಿಸುವುದು ಗೃಹಕೃತ್ಯವೇ ಸರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂಲೆಯಲ್ಲಿ ಬಲೆ ಕಟ್ಟದ, ಮಣ್ಣಿನ ಬಿಲದಲ್ಲಿ ಒಂಟಿಯಾಗಿ ಬಾಳುವ, ಮೈತುಂಬ ರೋಮವುಳ್ಳ, ಅಂಗೈಯಗಲದ ಒಂದು ಜೇಡವೂ ನಮ್ಮ ಮಲೆಸೀಮೆಯಲ್ಲಿದೆ. ಅದು ದಾರಿ ತಪ್ಪಿ ಮನೆಯೊಳಗೆ ಬಂದರೆ ಏನು ಮಾಡಬೇಕು, ಅಂತಹದನ್ನು ಸಾಕಿಕೊಂಡವರು ಅದರ ವಾಸವನ್ನು ಬದಲಿಸುವಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಲು ನಮಗೆ ಒಂದು ಕಾರಣವುಂಟು. ಕಾರಣವು ಹೆಮ್ಮೆಪಡತಕ್ಕದ್ದಲ್ಲ, ಆದರೂ ಮೊದಲೇ ಹೇಳಿಬಿಡುವುದು ಲೇಸು.

ಕಳೆದ ವರ್ಷದ ಆಷಾಢದಲ್ಲಿ ನಾವು ಜೋಯಿಡಾ ತಾಲೂಕಿನಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗಿದ್ದೆವು. ಮಳೆ ಹಗಲಿರುಳೆನ್ನದೆ ಸುರಿಯುತ್ತಿತ್ತು. ತಂಗಿಯ ಕಿರಿಯ ಮಗನು, ಹನ್ನೆರಡು ವರ್ಷದ ಹುಡುಗ, ನಮ್ಮ ಕೈಹಿಡಿದು ನೇರವಾಗಿ ಹಿತ್ತಲಿನ ಜಗಲಿಗೆ ಕರೆದೊಯ್ದನು. ಅಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿಯೊಂದರಲ್ಲಿ ಕಂದುಬಣ್ಣದ ದೊಡ್ಡ ಜೇಡವೊಂದು ಕಾಲುಗಳನ್ನು ಮಡಿಸಿಕೊಂಡು ಕುಳಿತಿತ್ತು. ಕೊಟ್ಟಿಗೆಯ ಸೌದೆಯಲ್ಲಿ ಕಂಡ ಅದನ್ನು ಆಳು ಹೊಡೆಯಲು ಹೋದಾಗ ಹುಡುಗನು ತಡೆದು, ಭರಣಿಯನ್ನು ಮುಚ್ಚಿ ಹಿಡಿದಿದ್ದನಂತೆ. ಎಂಟು ದಿನಗಳಿಂದ ಜಿರಲೆಗಳನ್ನು ಹಾಕಿ ಸಾಕುತ್ತಿದ್ದನು. ಹುಡುಗನ ಅಜ್ಜಿಯು ನಮ್ಮನ್ನು ಕಂಡು, “ಪಾಪದ ಪ್ರಾಣಿಗೆ ಮೈ ತಿರುಗಿಸಲಿಕ್ಕೂ ಎಡೆಯಿಲ್ಲ. ಬಿಟ್ಟುಬಿಡು ಎಂದರೆ ಕೇಳುವುದಿಲ್ಲ. ದೊಡ್ಡದೊಂದು ಪೆಟ್ಟಿಗೆಗಾದರೂ ನೀವು ಹಾಕಿಕೊಡಿ” ಎಂದರು.

ನಾವು ಒಪ್ಪಿಕೊಂಡೆವು. ಹಿಂದೆ ಮೀನು ಸಾಕುತ್ತಿದ್ದ ಗಾಜಿನ ತೊಟ್ಟಿಯೊಂದು ಅಟ್ಟದಲ್ಲಿತ್ತು. ಅದನ್ನು ತಂದು ಊಟದ ಮೇಜಿನ ಮೇಲೆ ಇಟ್ಟು, ಭರಣಿಯ ಮುಚ್ಚಳ ತೆಗೆದು, ಬಾಯಿಯನ್ನು ತೊಟ್ಟಿಗೆ ಹಿಡಿದು ಅಲುಗಾಡಿಸಿದೆವು. ಜೇಡ ಬರಲಿಲ್ಲ. ಭರಣಿಯ ತಳವನ್ನು ಎರಡು ಸಲ ತಟ್ಟಿದೆವು. ಆಗ ಅದು ಬಂದಿತು. ಆದರೆ ತೊಟ್ಟಿಗಲ್ಲ, ಕಣ್ಣು ಮುಚ್ಚಿ ತೆರೆಯುವುದರೊಳಗೆ ನಮ್ಮ ಅಂಗಿಯ ತೋಳಿನ ಮೇಲಕ್ಕೆ. ಕಡಿಯಲಿಲ್ಲ, ಏನೂ ಮಾಡಲಿಲ್ಲ. ನಾವೇ ಹೆದರಿ ಕೈಯನ್ನು ಕೊಡವಿದೆವು. ಅದು ಸಿಮೆಂಟಿನ ನೆಲಕ್ಕೆ ಬಿದ್ದಿತು. ಹೊಟ್ಟೆಯ ಮಗ್ಗುಲಲ್ಲಿ ಸೀಳು ಬಿದ್ದು ನೀರಿನಂತಹ ತಿಳಿಯಾದ ದ್ರವ ಒಸರತೊಡಗಿತು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಎಂಟೂ ಕಾಲುಗಳು ಒಳಕ್ಕೆ ಸೊರಗಿಕೊಂಡು ಜೀವ ಹೋಯಿತು.

ಹುಡುಗನು ಅಳಲಿಲ್ಲ. ಭರಣಿಯನ್ನು ತೊಳೆದು ಅಡುಗೆಮನೆಯ ನೆಲುವಿನಲ್ಲಿಟ್ಟು ಬಂದು, “ಮಾವಾ, ಅದಕ್ಕೆ ತಾನಾಗಿಯೇ ಬರಲಿಕ್ಕೆ ಬಿಟ್ಟಿದ್ದರೆ ಬರುತ್ತಿತ್ತೋ ಏನೋ” ಎಂದನು. ಅಂದಿನಿಂದ ನಾವು ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಸಂಗ್ರಹಿಸಿದೆವು. ಹುಡುಗನ ಅಣ್ಣನು ಜರ್ಮನಿಯಲ್ಲಿ ಓದುತ್ತಿರುವನು. ಅವನ ಜೊತೆಗಾರನೊಬ್ಬನು ಇಂತಹ ಜೇಡಗಳನ್ನು ಸಾಕುವವನಾದ್ದರಿಂದ, ದೂರವಾಣಿಯಲ್ಲಿ ಅವರಿಂದಲೂ ಅನೇಕ ಸಂಗತಿಗಳು ದೊರೆತವು. ಕೇಳಿದುದೆಲ್ಲದರ ಸಾರವು ಕೊನೆಗೆ ಆ ಹುಡುಗನ ಒಂದು ಮಾತಿನಲ್ಲಿಯೇ ಇತ್ತೆಂದು ತಿಳಿದು ನಮಗೆ ನಾಚಿಕೆಯಾಯಿತು.

ಇದು ಎಂತಹ ಪ್ರಾಣಿ?

ದೊಡ್ಡ ಜೇನಿಗೆ ಹೆಜ್ಜೇನು ಎನ್ನುವಂತೆ, ಈ ದೊಡ್ಡ ಜೇಡವನ್ನು ನಾವು ಇಲ್ಲಿ ಹೆಜ್ಜೇಡವೆಂದು ಕರೆಯುವೆವು. ಜಗತ್ತಿನಲ್ಲಿ ಇದಕ್ಕೆ ಟರಾಂಟುಲಾ ಎಂದು ಹೆಸರು. ಆ ಹೆಸರಿನ ಕಥೆ ವಿನೋದವಾಗಿದೆ. ಇಟಲಿಯ ದಕ್ಷಿಣದಲ್ಲಿ ಟರಾಂಟೋ ಎಂಬ ಪಟ್ಟಣವುಂಟು. ಆ ಸೀಮೆಯ ಒಂದು ಜೇಡ ಕಡಿದರೆ ಹುಚ್ಚುಹಿಡಿದಂತೆ ಕುಣಿದ ಹೊರತು ವಿಷವಿಳಿಯದೆಂದು ಹಿಂದಿನವರು ನಂಬಿದ್ದರು. ನಿಜವಾಗಿ ಆ ಜೇಡವು ಬೇರೊಂದು ಕುಲದ್ದು. ಯೂರೋಪಿನವರು ಅಮೇರಿಕಾ ಖಂಡಕ್ಕೆ ಹೋಗಿ ಅಲ್ಲಿನ ರೋಮಮಯವಾದ ದೊಡ್ಡ ಜೇಡಗಳನ್ನು ಕಂಡಾಗ ತಮ್ಮೂರಿನ ಹೆಸರನ್ನೇ ಅವಕ್ಕೆ ಅಂಟಿಸಿದರು. ಈಗ ಈ ಕುಟುಂಬದಲ್ಲಿ ಸಾವಿರಕ್ಕೂ ಮಿಕ್ಕಿದ ಜಾತಿಗಳನ್ನು ಶಾಸ್ತ್ರಜ್ಞರು ಎಣಿಸಿದ್ದಾರೆ.

ಇವು ಹೊರದೇಶದ ಪ್ರಾಣಿಗಳೆಂದು ನಮ್ಮವರು ತಿಳಿಯುವುದುಂಟು. ಅದು ತಪ್ಪು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಪೋಕಾಕ್ ಎಂಬ ಪ್ರಾಣಿಶಾಸ್ತ್ರಜ್ಞನು 1899ರಲ್ಲಿ ಥ್ರಿಗ್ಮೋಪಿಯಸ್ ಎಂಬ ಹೊಸ ಪಂಗಡವನ್ನು ಹೆಸರಿಸಿದಾಗ ಅವನ ಮುಂದಿದ್ದುದು ಆಗಿನ ಕೆನರಾ ಸೀಮೆಯಿಂದ ಹೋದ ಜೇಡಗಳು. ಮರುವರ್ಷ ಅವನು ಭಾರತದ ಜೇಡ-ಚೇಳುಗಳನ್ನು ಕುರಿತು ಬರೆದ ದೊಡ್ಡ ಗ್ರಂಥದಲ್ಲಿಯೂ ಇವು ಸೇರಿವೆ. ಹೀಗೆ ಈ ಹೆಜ್ಜೇಡವು ನಮ್ಮ ಪಶ್ಚಿಮಘಟ್ಟದ ಸ್ವಂತ ಸೊತ್ತು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನೆಲವನ್ನು ಬಲ್ಲವರಿಗೆ ಅದರ ವಾಸದ ರೀತಿಯನ್ನು ಊಹಿಸುವುದು ಕಷ್ಟವಲ್ಲ. ಪಡುವಣ ಜೋಯಿಡಾದಲ್ಲಿ ಮಳೆ ಹೆಚ್ಚು, ಕಾಡು ದಟ್ಟ. ದಾಂಡೇಲಿಯ ಸುತ್ತ ಸಾಗುವಾನಿ ಮತ್ತು ಬಿದಿರು. ಮೂಡಣ ಹಳಿಯಾಳ, ಮುಂಡಗೋಡಗಳಿಗೆ ಬಂದರೆ ಎಲೆಯುದುರುವ ಕಾಡುಗಳ ನಡುವೆ ಬತ್ತದ ಗದ್ದೆಗಳು. ಕಾಡುದಾರಿಯ ಎರಡು ಬದಿಗೂ, ತೋಟದ ಅಂಚಿಗೂ ಮಣ್ಣಿನ ಧರೆ. ಇಂತಹ ಧರೆಯಲ್ಲಿ, ನೀರು ನಿಲ್ಲದ ಇಳಿಜಾರಿನಲ್ಲಿ, ಹೆಜ್ಜೇಡವು ಬಿಲ ಮಾಡುತ್ತದೆ. ಬಿಲದ ಒಳಗೋಡೆಗೆ ತನ್ನ ರೇಷ್ಮೆಯನ್ನೇ ಗಿಲಾಯಿ ಮಾಡುತ್ತದೆ. ಹಗಲೆಲ್ಲ ಒಳಗಿದ್ದು, ಕತ್ತಲಾದ ಮೇಲೆ ಬಾಗಿಲಿಗೆ ಬಂದು ಕಾದು ಕುಳಿತು, ಮುಂದೆ ಹಾದುಹೋಗುವ ಮಿಡತೆ ಜಿರಲೆಗಳನ್ನು ಹಿಡಿದು ತಿನ್ನುತ್ತದೆ.

ಹೆಣ್ಣು ಬಹುಮಟ್ಟಿಗೆ ಬಿಲವನ್ನು ಬಿಟ್ಟು ದೂರ ಹೋಗುವುದಿಲ್ಲ. ಗಂಡು ಮಾತ್ರ ಪ್ರಾಯಕ್ಕೆ ಬಂದ ಮೇಲೆ ಮನೆ ಬಿಟ್ಟು ಹೆಣ್ಣನ್ನು ಹುಡುಕುತ್ತ ಅಲೆಯುತ್ತದೆ; ಆ ಬಳಿಕ ಅದಕ್ಕೆ ಹೆಚ್ಚು ಆಯುಸ್ಸಿಲ್ಲ. ಮನೆಗಳೊಳಗೆ ಕಾಣಿಸುವುದು ಅನೇಕ ವೇಳೆ ಇಂತಹ ಅಲೆಮಾರಿ ಗಂಡೇ. ಹೆಣ್ಣಾದರೋ ದೀರ್ಘಾಯುಷಿ, ಸಾಕಿದವರ ಮನೆಗಳಲ್ಲಿ ಕೆಲವು ಜಾತಿಯವು ಇಪ್ಪತ್ತು ವರ್ಷ ಮೀರಿ ಬದುಕಿರುವುದುಂಟು. ಇವುಗಳ ದೂರದ ಬಂಧುವೊಂದರ ಕಥೆ ಇನ್ನೂ ಆಶ್ಚರ್ಯಕರ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿಯು 1974ರಲ್ಲಿ ಬಿಲವಾಸಿ ಜೇಡಗಳ ಲೆಕ್ಕವಿಡಲು ತೊಡಗಿದಳು. ಅವುಗಳಲ್ಲಿ 16ನೆಯ ಸಂಖ್ಯೆಯ ಹೆಣ್ಣು ಜೇಡವು 2016ರವರೆಗೆ ಬದುಕಿ, 43 ವರ್ಷದ ಪ್ರಾಯದಲ್ಲಿ ಸತ್ತಿತು. ಅಷ್ಟು ವರ್ಷವೂ ಅದು ಇದ್ದುದು ಒಂದೇ ಬಿಲದಲ್ಲಿ. ಇಂತಹ ಕುಲದ ಪ್ರಾಣಿಗೆ ಮನೆ ಬದಲಿಸುವುದೆಂದರೆ ಏನೆಂಬುದನ್ನು ವಾಚಕರೇ ಯೋಚಿಸಬೇಕು.

ಸ್ಥಳಾಂತರವು ಏಕೆ ಅಪಾಯಕರ?

ನಾವು ಮಾಡಿದ ಮೊದಲ ತಪ್ಪು ಎತ್ತರದಲ್ಲಿ ಕೆಲಸಮಾಡಿದುದು. ಹೆಜ್ಜೇಡದ ಮುಂಭಾಗದ ಕವಚ ಗಟ್ಟಿ; ಹಿಂದಿನ ಹೊಟ್ಟೆಯಾದರೋ ನೀರು ತುಂಬಿದ ತೆಳುವಾದ ಚೀಲದಂತೆ. ಬಿಲದಲ್ಲಿ ಬಾಳುವ ಜಾತಿಗಳು ಮೈಭಾರದವು. ಎರಡು ಮೊಳದ ಎತ್ತರದಿಂದ ಬಿದ್ದರೂ ಆ ಚೀಲವು ಒಡೆಯಬಹುದು. ಅದರ ಕಾಲುಗಳನ್ನು ಚಾಚುವ ಶಕ್ತಿಯೂ ಮೈಯೊಳಗಿನ ದ್ರವದ ಒತ್ತಡದಿಂದಲೇ ಬರುತ್ತದೆ. ದ್ರವವು ಸೋರಿಹೋದರೆ ಕಾಲುಗಳು ಒಳಕ್ಕೆ ಮಡಿಸಿಕೊಳ್ಳುತ್ತವೆ. ನಮ್ಮ ಕಣ್ಣೆದುರು ಆದುದು ಇದೇ.

ಎರಡನೆಯ ತಪ್ಪು ಭರಣಿಯನ್ನು ತಟ್ಟಿದುದು. ಹೆಜ್ಜೇಡಕ್ಕೆ ಎಂಟು ಕಣ್ಣುಗಳಿದ್ದರೂ ದೃಷ್ಟಿ ಮಂದ. ಅದು ಜಗತ್ತನ್ನು ತಿಳಿಯುವುದು ಕಾಲಿನ ರೋಮಗಳಿಗೆ ತಟ್ಟುವ ಅದುರಿನಿಂದ. ನಮಗೆ ಬೆರಳಿನ ಸದ್ದಾದುದು ಅದಕ್ಕೆ ಭೂಕಂಪವಾಗಿರಬೇಕು. ಬಾಯಿಂದ ಗಾಳಿ ಊದುವುದೂ ಹಾಗೆಯೇ. ಶತ್ರುವಿನ ಉಸಿರೆಂದು ಬಗೆದು ಅದು ಓಡುತ್ತದೆ ಇಲ್ಲವೆ ಮುಂಗಾಲೆತ್ತಿ ನಿಲ್ಲುತ್ತದೆ.

ಮೂರನೆಯದು, ಹೊತ್ತನ್ನು ನೋಡದೆ ಇದ್ದುದು. ಹೆಜ್ಜೇಡವು ಬೆಳೆಯುವಾಗ ಹಾವಿನಂತೆ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಅನೇಕ ದಿನ ಆಹಾರ ಮುಟ್ಟುವುದಿಲ್ಲ. ಹೊಟ್ಟೆಯ ಬಣ್ಣ ಕಪ್ಪಾಗುತ್ತದೆ. ಪೊರೆ ಕಳಚುವಾಗ ಬಹುಪಾಲು ಅಂಗಾತ ಮಲಗಿರುತ್ತದೆ. ತಿಳಿಯದವರು ಸತ್ತಿತೆಂದು ಎಸೆದುಬಿಟ್ಟ ಪ್ರಸಂಗಗಳುಂಟು. ಪೊರೆ ಬಿಟ್ಟ ಮೇಲೆ ಹಲ್ಲುಗಳು ಕೂಡ ಕೆಲವು ದಿನ ಮೆತ್ತಗಿರುತ್ತವೆ. ಈ ಅವಧಿಯಲ್ಲಿ ಅದನ್ನು ಕದಲಿಸತಕ್ಕದ್ದಲ್ಲ. ಹೊಟ್ಟೆತುಂಬ ತಿಂದ ಮರುದಿನವೂ ಕೂಡದು.

ಪೆಟ್ಟಿಗೆಯಿಂದ ಪೆಟ್ಟಿಗೆಗೆ

ಪರದೇಶಗಳಲ್ಲಿ ನೆಲೆಸಿದ ನಮ್ಮವರ ಮನೆಗಳ ಮಕ್ಕಳು, ಅಲ್ಲಿನ ಕಾನೂನಿಗೆ ಒಳಪಟ್ಟು, ಸಾಕಣೆಯಲ್ಲಿಯೇ ಹುಟ್ಟಿದ ಹೆಜ್ಜೇಡಗಳನ್ನು ಸಾಕುವುದುಂಟು. ಜೇಡವು ಬೆಳೆದಂತೆ ಅದರ ಪೆಟ್ಟಿಗೆಯನ್ನೂ ಬದಲಿಸಬೇಕಾಗುತ್ತದೆ. ಅಂತಹವರಿಗೆ ಉಪಯೋಗವಾಗುವಂತೆ ಕ್ರಮವನ್ನು ಬರೆಯುತ್ತೇವೆ.

ಮೊದಲು ಹೊಸ ಮನೆ ಪೂರ್ಣವಾಗಿ ಸಿದ್ಧವಾಗಿರಬೇಕು. ಗೃಹಪ್ರವೇಶದ ದಿನ ಗೋಡೆ ಕಟ್ಟುವವರುಂಟೇ? ಬಿಲದ ಜಾತಿಗೆ ಎತ್ತರದ ಪೆಟ್ಟಿಗೆ ಬೇಕಿಲ್ಲ, ಮಣ್ಣು ಆಳವಾಗಿರಬೇಕು. ಪೆಟ್ಟಿಗೆಯ ಅಗಲವು ಕಾಲು ಚಾಚಿದ ಜೇಡದ ಮೂರು ನಾಲ್ಕು ಪಟ್ಟು ಇದ್ದರೆ ಸಾಕು. ಮಣ್ಣಿನ ಮೇಲ್ಮೈಯಿಂದ ಮುಚ್ಚಳಕ್ಕೆ ಇರುವ ಅಂತರವು ಜೇಡದ ಕಾಲಳತೆಯ ಒಂದೂವರೆ ಪಟ್ಟನ್ನು ಮೀರದಿರಲಿ. ಗಾಜನ್ನು ಹತ್ತಿ ಬಿದ್ದರೂ ಆಗ ಪೆಟ್ಟಾಗುವುದಿಲ್ಲ. ತೆಂಗಿನ ನಾರಿನ ಹುಡಿಯನ್ನು ಮಣ್ಣಿನೊಡನೆ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವಮಾಡಿ, ಒತ್ತಿ ತುಂಬಬೇಕು. ಒಂದು ಮೂಲೆಯಲ್ಲಿ ಬೆರಳಿನಿಂದ ಓರೆಯಾಗಿ ಒಂದು ಗುಳಿ ಮಾಡಿ, ಅದರ ಮೇಲೆ ಮರದ ತೊಗಟೆಯ ತುಂಡನ್ನು ಇಟ್ಟರೆ ಬಿಲ ತೋಡಲು ಅದಕ್ಕೆ ಮೊದಲಾಗುತ್ತದೆ. ಅಗಲವಾದ ಚಿಕ್ಕ ಬಟ್ಟಲಲ್ಲಿ ನೀರು ಇರಲಿ. ಗಾಳಿಯ ತೂತುಗಳು ಜೇಡದ ತಲೆಗಿಂತ ಕಿರಿದಾಗಿರಬೇಕು. ತಲೆ ಹಿಡಿಸುವ ಸಂದಿಯಲ್ಲಿ ಅದರ ಮೆತ್ತನೆಯ ಹೊಟ್ಟೆಯೂ ನುಸುಳುತ್ತದೆ. ಮರವಾಸಿ ಜಾತಿಯಾದರೆ ಮಾತ್ರ ಪೆಟ್ಟಿಗೆ ಎತ್ತರವಾಗಿರಬೇಕು. ಒಳಗೆ ತೊಗಟೆಯನ್ನು ನಿಲ್ಲಿಸಿರಬೇಕು.

ಎರಡನೆಯದಾಗಿ, ಕೆಲಸದ ಜಾಗ. ಬೀಸಣಿಗೆಯನ್ನು ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿ, ಬಾಗಿಲಿನ ಕೆಳಗಣ ಸಂದಿಗೆ ಬಟ್ಟೆ ತುರುಕಬೇಕು. ನಾಯಿ, ಬೆಕ್ಕು, ಚಿಕ್ಕ ಮಕ್ಕಳು ಹೊರಗಿರಲಿ. ಎಲ್ಲವನ್ನೂ ನೆಲದ ಮೇಲೆಯೇ ಮಾಡತಕ್ಕದ್ದು, ಮೇಜಿನ ಮೇಲಲ್ಲ. ಅಗಲವಾದ ಪರಾತವನ್ನಾಗಲಿ ಬಟ್ಟೆ ಒಗೆಯುವ ಟಬ್ಬನ್ನಾಗಲಿ ನೆಲದಲ್ಲಿಟ್ಟು ಅದರೊಳಗೆ ಪೆಟ್ಟಿಗೆಗಳನ್ನು ಇಟ್ಟುಕೊಂಡರೆ, ಜೇಡವು ಹೊರಕ್ಕೆ ಹಾರಿದರೂ ಟಬ್ಬಿನಲ್ಲಿಯೇ ಉಳಿಯುವ ಸಂಭವ ಹೆಚ್ಚು. ಕೈಗೆ ನಿಲುಕುವಂತೆ ಒಂದು ತಿಳಿಗಾಜಿನ ಇಲ್ಲವೆ ಪ್ಲಾಸ್ಟಿಕ್ಕಿನ ದೊಡ್ಡ ಬಟ್ಟಲು, ಅದರ ಬಾಯಿಗಿಂತ ಅಗಲವಾದ ಗಟ್ಟಿ ರಟ್ಟು, ಚಿತ್ರ ಬರೆಯುವ ಮೃದುವಾದ ಉದ್ದ ಕುಂಚ, ಉದ್ದನೆಯ ಇಕ್ಕುಳ, ಇವಿಷ್ಟು ಇರಬೇಕು. ಇಕ್ಕುಳವು ತೊಗಟೆ ಕಲ್ಲುಗಳನ್ನು ಎತ್ತುವುದಕ್ಕೆ, ಜೇಡವನ್ನು ಹಿಡಿಯುವುದಕ್ಕಲ್ಲ. ಉದ್ದ ತೋಳಿನ ಅಂಗಿಯ ಮುಂಗೈಯನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಜೊತೆಗೆ ಇನ್ನೊಬ್ಬರಿದ್ದರೆ ಉತ್ತಮ.

ಮೂರನೆಯದು, ಸಾಗಿಸುವ ಬಗೆ. ಎಲ್ಲಕ್ಕಿಂತ ಸುಲಭವಾದುದು ನಾವು ಏನೂ ಮಾಡದೆ ಇರುವುದು. ಹಳೆಯ ಡಬ್ಬಿ ಚಿಕ್ಕದಾದರೆ ಅದನ್ನು ಹೊಸ ಪೆಟ್ಟಿಗೆಯೊಳಗೆ ಅಡ್ಡಲಾಗಿಟ್ಟು, ಮುಚ್ಚಳ ತೆಗೆದು, ಹೊಸ ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿ, ದೀಪವಾರಿಸಿ ಮಲಗಿಬಿಡಬೇಕು. ರಾತ್ರಿಯಲ್ಲಿ ಅದು ತಾನೇ ಹೊರಬಂದು ಹೊಸ ನೆಲವನ್ನು ನೋಡಿಕೊಳ್ಳುತ್ತದೆ. ಎರಡು ಮೂರು ರಾತ್ರಿಗಳಾದರೂ ಅವಸರಪಡಬಾರದು.

ಇದಕ್ಕೆ ಅನುಕೂಲವಿಲ್ಲದಿದ್ದರೆ ಬಟ್ಟಲಿನ ಕ್ರಮ. ಜೇಡವು ಬಯಲಿನಲ್ಲಿ ಕುಳಿತಿರುವಾಗ ಬಟ್ಟಲನ್ನು ಮೇಲಿನಿಂದ ಸಾವಕಾಶವಾಗಿ ಮುಚ್ಚಬೇಕು. ಅಂಚಿನಡಿಯಲ್ಲಿ ಕಾಲು ಸಿಕ್ಕದಂತೆ ನೋಡಬೇಕು. ಆಮೇಲೆ ರಟ್ಟನ್ನು ನೆಲಕ್ಕೆ ಒತ್ತಿ ಬಟ್ಟಲಿನಡಿಗೆ ಸರಿಸುತ್ತ ಬಂದರೆ ಜೇಡವು ಒಂದೊಂದೇ ಕಾಲೆತ್ತಿ ರಟ್ಟಿನ ಮೇಲೆ ನಿಲ್ಲುತ್ತದೆ. ರಟ್ಟು ಬಟ್ಟಲುಗಳನ್ನು ಎರಡು ಕೈಯಿಂದಲೂ ಹಿಡಿದು, ನೆಲದಿಂದ ಗೇಣಿಗಿಂತ ಮೇಲೆತ್ತದೆ, ಹೊಸ ಪೆಟ್ಟಿಗೆಯೊಳಗೆ ಇಳಿಸಿ, ರಟ್ಟನ್ನು ಎಳೆದುಕೊಳ್ಳಬೇಕು. ಬಟ್ಟಲನ್ನು ಓರೆ ಮಾಡಿ ಬಿಟ್ಟರೆ ಅದು ತನ್ನ ಕಾಲಿನಿಂದಲೇ ಹೊರಗೆ ನಡೆಯುತ್ತದೆ. ಮೂಲೆಯಲ್ಲಿ ಕುಳಿತು ಕದಲದಿದ್ದರೆ ಹಿಂಗಾಲನ್ನು ಕುಂಚದ ತುದಿಯಿಂದ ಒಮ್ಮೆ ಮುಟ್ಟಿ, ಕೈ ಹಿಂತೆಗೆದು, ಕಾಯಬೇಕು. ಮುಂದಿನಿಂದ ಮುಟ್ಟಿದರೆ ಬೇಟೆಯೆಂದು ಭ್ರಮಿಸಿ ಕುಂಚಕ್ಕೆ ಎರಗುವುದುಂಟು.

ಬಿಲದೊಳಗೆ ಸೇರಿಕೊಂಡಿರುವ ಜೇಡವನ್ನು ಹೊರಡಿಸಲು ನೀರು ಹೊಯ್ಯುವುದೂ ಹೊಗೆ ಹಾಕುವುದೂ ನಿಷಿದ್ಧ. ಪೆಟ್ಟಿಗೆಯ ಸಾಮಾನುಗಳನ್ನು ತೆಗೆದು, ಬಿಲದ ದಾರಿಯನ್ನು ತಿಳಿದುಕೊಂಡು, ಬದಿಯಿಂದ ಚಮಚೆಯಲ್ಲಿ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಹೋದರೆ ಒಳಗಿನ ಗೂಡು ತೆರೆದುಕೊಳ್ಳುತ್ತದೆ. ಆಗ ಬಟ್ಟಲಿನ ಕ್ರಮವೇ ಸರಿ. ಮೇಲಿನಿಂದ ಅಗೆದರೆ ಮಣ್ಣು ಕುಸಿದು ಜೇಡದ ಮೇಲೆ ಬೀಳುವ ಭಯವಿದೆ.

ಸಾಗಿಸಿದ ಮೇಲೆ ಅದನ್ನು ಅದರ ಪಾಡಿಗೆ ಬಿಡುವುದು ನಾಲ್ಕನೆಯ ಕ್ರಮ. ಹೊಸ ಮನೆಗೆ ಬಂದ ಸೊಸೆಯಂತೆ ಅದು ಕೆಲವು ದಿನ ಮೂಲೆ ಹಿಡಿಯುತ್ತದೆ. ನೀರೊಂದು ಇರಲಿ, ಒಂದು ವಾರದವರೆಗೆ ಆಹಾರದ ಉಪಚಾರ ಬೇಡ. ಬಿಲ ತೋಡಲು ತೊಡಗಿತೆಂದರೆ ಮನೆ ಒಪ್ಪಿತೆಂದು ತಿಳಿಯಬೇಕು.

ಎಡವಟ್ಟಾದರೆ

ಜೇಡವು ತಪ್ಪಿಸಿಕೊಂಡು ಓಡಿದರೆ ಬೆನ್ನಟ್ಟಬಾರದು. ಅದರ ಓಟವು ವೇಗವಾದರೂ ದೂರದ್ದಲ್ಲ. ಕೆಲವು ಮೊಳ ಓಡಿ ನಿಲ್ಲುತ್ತದೆ. ನಿಂತಾಗ ಬಟ್ಟಲನ್ನು ಮುಚ್ಚಿದರಾಯಿತು. ಕೈಮೇಲೆ ಹತ್ತಿದರೆ, ನಮ್ಮಂತೆ ಕೊಡವದೆ, ಉಸಿರು ಬಿಗಿಹಿಡಿದು ಕೈಯನ್ನು ಮೆಲ್ಲಗೆ ಪೆಟ್ಟಿಗೆಯೊಳಕ್ಕೆ ಇಳಿಸಿ, ಅದು ತಾನಾಗಿ ಇಳಿಯುವವರೆಗೆ ಸುಮ್ಮನಿರಬೇಕು. ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟವೆಂದು ನಾವು ಬಲ್ಲೆವು. ಆದುದರಿಂದಲೇ ನೆಲದ ಮೇಲೆ ಕುಳಿತು ಮಾಡಬೇಕೆಂದು ಮತ್ತೆ ಮತ್ತೆ ಹೇಳುತ್ತೇವೆ. ಕೈ ಕೊಡವಿದರೂ ಬೀಳುವ ಎತ್ತರ ಕಡಿಮೆಯಾಗಿರುತ್ತದೆ.

ಕಾಲೊಂದು ಮುರಿದರೆ ಜೀವಕ್ಕೆ ಅಪಾಯವಾಗಲೇಬೇಕೆಂದಿಲ್ಲ. ಕಾಲನ್ನು ತಾನೇ ಕಳಚಿಕೊಳ್ಳುವ ಶಕ್ತಿ ಅದಕ್ಕಿದೆ. ಮುಂದಿನ ಪೊರೆಗಳಲ್ಲಿ ಹೊಸ ಕಾಲು ಚಿಗುರುತ್ತದೆ. ದ್ರವವು ಜಿನುಗುತ್ತಿದ್ದರೆ ಸಾಕುವವರು ಕಾರ್ನ್‌ಫ್ಲೋರನ್ನು ಗಾಯದ ಮೇಲೆ ಉದುರಿಸಿ ಹೆಪ್ಪುಗಟ್ಟಿಸುತ್ತಾರೆ. ಹೊಟ್ಟೆಯೊಡೆದುದಕ್ಕೆ ಮಾತ್ರ ಉಪಾಯವು ಬಹುಶಃ ಫಲಿಸದು.

ಮನುಷ್ಯರ ಕ್ಷೇಮವನ್ನೂ ಹೇಳಬೇಕು. ಹೆಜ್ಜೇಡದ ಕಡಿತದಿಂದ ಸತ್ತವರ ಖಚಿತವಾದ ದಾಖಲೆಯಿಲ್ಲ. ಆದರೆ ಅದು ಆಟದ ವಸ್ತುವಲ್ಲ. ಅಮೇರಿಕಾ ಖಂಡದ ಅನೇಕ ಜಾತಿಗಳು ಹಿಂಗಾಲಿನಿಂದ ಹೊಟ್ಟೆಯ ರೋಮವನ್ನು ಕೆರೆದು ತೂರುತ್ತವೆ. ಅದು ಚರ್ಮಕ್ಕೆ ತುರಿಕೆ, ಕಣ್ಣಿಗೆ ಬಿದ್ದರೆ ದೊಡ್ಡ ತೊಂದರೆ. ನಮ್ಮ ದೇಶದವಕ್ಕೆ ಆ ರೋಮಾಸ್ತ್ರವಿಲ್ಲ. ಅವುಗಳ ರಕ್ಷಣೆಯೆಲ್ಲ ಓಟದಲ್ಲಿ ಮತ್ತು ಕಡಿತದಲ್ಲಿದೆ. ಮರವಾಸಿಗಳಾದ ಪೀಸಿಲೋಥೀರಿಯಾ ಪಂಗಡದವು ಕಡಿದರೆ ದಿನಗಟ್ಟಲೆ ಮಾಂಸಖಂಡಗಳು ಸೆಳೆದು ನೋಯುವುದುಂಟು. ಕಡಿದರೆ ಗಾಯವನ್ನು ಸಾಬೂನಿನಿಂದ ತೊಳೆದು ವೈದ್ಯರ ಬಳಿಗೆ ಹೋಗಬೇಕು; ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ.

ಸಾಕಬೇಕೇ, ಬಿಡಬೇಕೇ?

ಇಷ್ಟು ಬರೆದುದರಿಂದ ನಮ್ಮ ಕಾಡಿನ ಜೇಡಗಳನ್ನು ಹಿಡಿದು ಸಾಕಲು ನಾವು ಪ್ರೋತ್ಸಾಹಿಸುತ್ತಿರುವೆವೆಂದು ಯಾರೂ ತಿಳಿಯಬಾರದು. 1956ರಲ್ಲಿ ದಾಂಡೇಲಿ ಅಭಯಾರಣ್ಯವೂ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ ಆದವು. 2007ರಲ್ಲಿ ಎರಡೂ ಸೇರಿ ಹುಲಿಗಳ ರಕ್ಷಿತಪ್ರದೇಶವಾಗಿ, 2015ರಿಂದ ಕಾಳಿಯ ಹೆಸರನ್ನು ಪಡೆದಿವೆ. ಅಭಯಾರಣ್ಯದಿಂದಾಗಲಿ ರಾಷ್ಟ್ರೀಯ ಉದ್ಯಾನದಿಂದಾಗಲಿ ಅನುಮತಿಯಿಲ್ಲದೆ ವನ್ಯಜೀವಿಗಳನ್ನು ತೆಗೆದೊಯ್ಯುವುದು 1972ರ ವನ್ಯಜೀವಿ ರಕ್ಷಣೆಯ ಕಾಯಿದೆಯಂತೆ ಅಪರಾಧ. ಪೀಸಿಲೋಥೀರಿಯಾ ಪಂಗಡವನ್ನಂತೂ 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದರ ಪಟ್ಟಿಗೆ ಸೇರಿಸಿ, ದೇಶದಿಂದ ದೇಶಕ್ಕೆ ಅವುಗಳ ವ್ಯಾಪಾರಕ್ಕೆ ಅಂಕೆಯಿಟ್ಟಿದ್ದಾರೆ.

ಕಾಯಿದೆಗಿಂತ ದೊಡ್ಡ ಕಾರಣವೂ ಉಂಟು. ಆಂಧ್ರದ ಗುತ್ತಿಯಲ್ಲಿ, ರೈಲಿನ ಸೌದೆಯ ದಾಸ್ತಾನಿನಲ್ಲಿ ಸಿಕ್ಕಿದ ನೀಲಿಬಣ್ಣದ ಒಂದು ಮರಜೇಡವನ್ನು ಅದೇ ಪೋಕಾಕನು 1899ರಲ್ಲಿ ವರ್ಣಿಸಿದನು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. ಗುತ್ತಿಯಲ್ಲಿ ಹುಡುಕಿದವರಿಗೆ ಸಿಗುವುದಾದರೂ ಹೇಗೆ? ಅದು ಎಲ್ಲಿಯದೋ ಮರದೊಡನೆ ರೈಲು ಹತ್ತಿ ಬಂದುದಾಗಿತ್ತು. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಅದು ಮರಳಿ ಕಂಡಿತು. ಈಗ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಯೆಂದು ಎಣಿಕೆಯಾಗಿದೆ. ಒಂದೆಡೆ ಮರ ಹೋದರೆ ಮರದೊಳಗಿನ ಮನೆ ಹೋಗುತ್ತದೆ. ನಮ್ಮಲ್ಲಿ ರಸ್ತೆ ಅಗಲಿಸಲು ಯಂತ್ರದಿಂದ ಧರೆಯನ್ನು ಕೆರೆದರೆ ಒಂದು ಮಧ್ಯಾಹ್ನದಲ್ಲಿ ಹತ್ತಾರು ವರ್ಷದ ಬಿಲಗಳು ಹೋಗುತ್ತವೆ.

ಮನೆ ಬಿಡುವ ಕಷ್ಟವು ಈ ಸೀಮೆಯವರಿಗೆ ಹೊಸದಲ್ಲ. ಕಾಳಿನದಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ನೀರಿನಡಿಯಾಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ನೆಲ ಕಳೆದುಕೊಂಡವರು ಬೇರೆಡೆ ಹೊಸ ಒಲೆ ಹೂಡಿದರು. ಮುಂಡಗೋಡದಲ್ಲಿ 1966ರಿಂದ ಟಿಬೇಟದ ನಿರಾಶ್ರಿತರು ಹೊಸ ಮನೆ ಕಟ್ಟಿಕೊಂಡು ಬಾಳುತ್ತಿದ್ದಾರೆ. ಎಂಟು ಕಾಲಿನ ಪ್ರಾಣಿಯ ಸಂಕಟವನ್ನು ಮನುಷ್ಯರ ಸಂಕಟಕ್ಕೆ ಸಮನೆಂದು ನಾವು ಹೇಳುತ್ತಿಲ್ಲ. ಮನೆಯ ಬೆಲೆಯನ್ನು ಬಲ್ಲ ಜನರು ಇನ್ನೊಂದರ ಮನೆಯನ್ನೂ ಕಡೆಗಣಿಸಲಾರರೆಂಬುದಷ್ಟೇ ನಮ್ಮ ನಂಬಿಕೆ.

ಆದುದರಿಂದ ಮನೆಯೊಳಗೆ ಬಂದ ಹೆಜ್ಜೇಡಕ್ಕೆ ಸರಿಯಾದ ಹೊಸ ಮನೆಯೆಂದರೆ ಅದು ಬಂದ ಧರೆಯೇ. ಬಟ್ಟಲು ರಟ್ಟುಗಳಿಂದ ಮುಚ್ಚಿ ತೆಗೆದು, ಕತ್ತಲಾದ ಮೇಲೆ, ಕಂಡ ಜಾಗದ ಹತ್ತಿರದಲ್ಲಿಯೇ, ನೀರು ಹರಿಯದ ಮಣ್ಣಿನ ಇಳಿಜಾರಿನಲ್ಲಿ, ಎಲೆ ಬೇರುಗಳ ಮರೆಯಿರುವೆಡೆ ಬಿಡಬೇಕು. ಮೈಲಿಗಟ್ಟಲೆ ದೂರ ಒಯ್ದು ಬಿಡುವುದು ಉಪಕಾರವಲ್ಲ.

ಕಳೆದ ಕಾರ್ತಿಕದಲ್ಲಿ ನಾವು ಅಳಿಯನನ್ನು ಕರೆದುಕೊಂಡು ದಾಂಡೇಲಿಯ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ ಇನ್ನೊಂದು ಹೆಜ್ಜೇಡವು ಕಾಣಿಸಿತು. ಬಚ್ಚಲುಮನೆಯ ಒಲೆಯ ಬಳಿ ಗೋಡೆಗೊರಗಿ ಕುಳಿತಿತ್ತು. ಮನೆಯಾಕೆ ಹೆದರಿ ಹೊರಗೆ ನಿಂತರು. ಸ್ನೇಹಿತರ ಕೈಯಲ್ಲಿ ಚಪ್ಪಲಿಯಿತ್ತು. ಹುಡುಗನು ನಮ್ಮ ಮುಖ ನೋಡಿದನು. ನಾವು, “ಈ ಸಲ ನೀನೇ ಮಾಡು” ಎಂದು ಬ್ಯಾಟರಿ ದೀಪವನ್ನು ಹಿಡಿದು ನಿಂತೆವು.

ಅವನು ಅಡುಗೆಮನೆಯಿಂದ ಪ್ಲಾಸ್ಟಿಕ್ಕಿನ ಬಟ್ಟಲನ್ನೂ ಗೋಡೆಯ ಹಳೆಯ ಪಂಚಾಂಗದ ರಟ್ಟನ್ನೂ ತಂದನು. ನೆಲದ ಮೇಲೆ ಮಂಡಿಯೂರಿ ಕುಳಿತು ಬಹಳ ಹೊತ್ತು ಏನೂ ಮಾಡಲಿಲ್ಲ. ಜೇಡವು ಗೋಡೆಯಿಂದ ನೆಲಕ್ಕಿಳಿದ ಮೇಲೆ ಬಟ್ಟಲನ್ನು ಮುಚ್ಚಿದನು. ರಟ್ಟನ್ನು ಸರಿಸಲು ಎರಡು ನಿಮಿಷ ತೆಗೆದುಕೊಂಡನು. ಕುಳಿತಂತೆಯೇ ಮೊಣಕಾಲಿನಲ್ಲಿ ಸರಿಯುತ್ತ ಹಿತ್ತಿಲ ಬಾಗಿಲವರೆಗೆ ಹೋಗಿ, ಆಮೇಲೆ ಬಗ್ಗಿ ನಡೆದು, ಮನೆಯ ಹಿಂದಿನ ಧರೆಯ ಬುಡದಲ್ಲಿ ಬಟ್ಟಲನ್ನು ಓರೆಯಾಗಿಟ್ಟು ದೂರ ಸರಿದನು. ಕಾಲುಗಂಟೆಯಾದರೂ ಅದು ಕದಲಲಿಲ್ಲ. ಸ್ನೇಹಿತರು, “ಒಮ್ಮೆ ತಟ್ಟಿದರೆ ಹೋಗುತ್ತದೆ” ಎಂದರು. ನಾವಿಬ್ಬರೂ ಒಟ್ಟಿಗೆ ಬೇಡವೆಂದೆವು.

ಕೊನೆಗೆ ಮುಂದಿನ ಒಂದು ಕಾಲು ಮಣ್ಣನ್ನು ಮುಟ್ಟಿ ನೋಡಿತು, ಬಳಿಕ ಇನ್ನೊಂದು. ಎಂಟು ಕಾಲುಗಳೂ ನೆಲಕ್ಕೆ ಬಂದ ಮೇಲೆ ಅದು ಬೇರುಗಳ ಸಂದಿಯಲ್ಲಿ ಮೆಲ್ಲನೆ ಮರೆಯಾಯಿತು. ಹುಡುಗನು ಬಟ್ಟಲನ್ನು ತೆಗೆದುಕೊಂಡು ಬಂದು, ಮನೆಯಾಕೆಗೆ, “ತೊಳೆದುಕೊಡುತ್ತೇನೆ, ಅತ್ತೆ” ಎಂದನು.

ನಮ್ಮ ವಾಚಕರ ಮನೆಗಳಲ್ಲಿ ಒಂದು ಬಟ್ಟಲಿಗೂ ಒಂದು ರಟ್ಟಿಗೂ ಕೊರತೆಯಿರಲಾರದು. ಅದರೊಡನೆ ಕಾಲುಗಂಟೆಯ ತಾಳ್ಮೆಯನ್ನು ಕೂಡಿಸಿದರೆ ಒಂದು ಜೀವ ಉಳಿಯುತ್ತದೆ.